ಅಂಥದ್ದೇ ಒಂದು ಹವಳ

ಹೆಂಡತಿ ಬಟ್ಟೆ ಒಣಹಾಕಲು ಮಹಡಿ ಹತ್ತಿದ್ದೇ ತಡ, ಅವನು ಅಂಗಿಯ ತೋಳು ಮಡಚಿ ಗಾಜಿನ ತೊಟ್ಟಿಯೊಳಗೆ ಕೈ ಇಳಿಸಿದ. ಸುಣ್ಣದ ಹಾಗೆ ಬಿಳಿಚಿದ್ದ ಹವಳವನ್ನು ಬಂಡೆಯಿಂದ ಕಿತ್ತು, ಅಂಗಡಿಯಿಂದ ತಂದ ಜೀವಂತ ತುಂಡನ್ನು ಅದೇ ಜಾಗಕ್ಕೆ ಅಂಟಿಸಿದ. ನೇರಳೆ ಮೈ, ಹಸಿರು ತುದಿ. ಇದು ಐದನೆಯದು, ಕಡೆಯದು. ಸತ್ತದ್ದನ್ನು ಟವೆಲಿನಲ್ಲಿ ಸುತ್ತಿಕೊಂಡ. ಐವತ್ತೆಂಟನೇ ವಯಸ್ಸಿಗೆ ಕಳ್ಳತನ ಕಲಿಯುವುದೆಂದರೆ ತಮಾಷೆಯೇ?

ತೊಟ್ಟಿ ಮಗಳದ್ದು. ಕಡಲ ಹವಳ ಸಾಕುವ ಹುಚ್ಚು ಅವಳಿಗೆ. ಬಸ್ಸು ಉರುಳಿ ಅವಳು ಹೋಗಿ ಏಳು ತಿಂಗಳು. ಅಂದಿನಿಂದ ತಾಯಿಗೆ ತೊಟ್ಟಿಯೇ ಲೋಕ. ಮಗಳು ಗೋಡೆಗೆ ಅಂಟಿಸಿದ್ದ ಪಟ್ಟಿ ನೋಡಿಕೊಂಡು, ದಿನಾ ಬೆಳಿಗ್ಗೆ ಕ್ಯಾಲ್ಸಿಯಂ ಇಷ್ಟು, ಸೋಡಾ ಇಷ್ಟು ಎಂದು ಅಳೆದು ಹನಿಸುತ್ತಾಳೆ. "ಎದ್ಯಾ ಪುಟ್ಟಿ?" ಎಂದು ಹವಳವನ್ನೇ ಕೇಳುತ್ತಾಳೆ. ಆ ಮನೆಯಲ್ಲಿ ಅವಳ ಸ್ವರ ಕೇಳುವುದು ಆಗಷ್ಟೇ.

ಮಗಳ ಬಾಟಲಿಗಳು ಮುಗಿದಾಗ ಎಡವಟ್ಟು ಮಾಡಿದವನು ಇವನೇ. ಈಜುಕೊಳದ ಮೇಲ್ವಿಚಾರಕ. ಕೊಳದ ನೀರಿಗೆ ಹಾಕುವ ಕ್ಯಾಲ್ಸಿಯಂ ಕ್ಲೋರೈಡು ಗೋದಾಮಿನಲ್ಲಿ ಮೂಟೆಗಟ್ಟಲೆ ಬಿದ್ದಿತ್ತು. ಹೆಸರೂ ಒಂದೇ, ಬಣ್ಣವೂ ಒಂದೇ, ಅಂಗಡಿಯ ಬಾಟಲಿ ಯಾಕೆ ಎಂದುಕೊಂಡ ಮಹಾಶಯ ಅದನ್ನೇ ಕಲಸಿ ಹಳೇ ಬಾಟಲಿಗೆ ತುಂಬಿಟ್ಟ. ಹೆಂಡತಿಗೆ ಹೇಳಲಿಲ್ಲ. ಮೂರೇ ವಾರ, ಮೊದಲ ಹವಳ ಬಿಳಿಚಿತು. ಮೂಟೆಯಲ್ಲಿ ಇನ್ನೇನು ಬೆರೆತಿತ್ತೋ ದೇವರೇ ಬಲ್ಲ. ಮಗಳು ಬಿಟ್ಟುಹೋದ ಜೀವವನ್ನೂ ಕೈಯಾರೆ ಕೊಂದೆನಲ್ಲ ಎಂದು ಗೋದಾಮಿನ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಮಗಳು ಹೋಗುತ್ತಿದ್ದ ಅಂಗಡಿಗೆ ಓಡಿದ. "ಮಗಳ ಹವಳ ಸತ್ತುಹೋಯ್ತಪ್ಪಾ. ಅಂಥದ್ದೇ ಒಂದು ಬೇಕು."

ನಡೆದದ್ದು ಕೇಳಿ ಅಂಗಡಿಯವನು ಹಣೆ ಚಚ್ಚಿಕೊಂಡ. "ಮೂಟೆ ಮಾಲು ಹಾಕಿದ್ರಾ ಅಂಕಲ್? ಇರಲಿ, ನನ್ನ ಹತ್ರಾನೇ ಬಂದ್ರಲ್ಲ, ಒಳ್ಳೇದಾಯ್ತು." ಮಾರಾಟದ ತೊಟ್ಟಿಗಳನ್ನೆಲ್ಲ ದಾಟಿ ಹಿಂದಿನ ಕೋಣೆಗೆ ಹೋಗಿ ತುಂಡೊಂದನ್ನು ತಂದ.

"ಅಬ್ಬಾ, ತದ್ರೂಪು!"

"ಇರದೆ ಇನ್ನೇನು?" ಎಂದ ಅವನು. ದುಡ್ಡು ಮುಟ್ಟಲಿಲ್ಲ. ಮಗಳನ್ನು ಕಳಕೊಂಡವನ ಮೇಲೆ ಕರುಣೆ, ಪಾಪ, ಎಂದುಕೊಂಡ ಅಪ್ಪ.

ಮೂಟೆ ಮಾಲು ಅಂದೇ ಚರಂಡಿ ಸೇರಿತು. ಆದರೂ ಉಳಿದವು ಒಂದೊಂದಾಗಿ ಬಿಳಿಚಿದವು, ಅಂಗಡಿಯವನು ಒಂದೊಂದಾಗಿ ಕೊಟ್ಟ. ನೀರು ಬದಲಾಯಿತು, ಒಳ್ಳೆಯ ಬಾಟಲಿ ಬಂತು. ಐದನೆಯದು ಅಂಟಿದ ಮೇಲೆ ತೊಟ್ಟಿ ನಳನಳಿಸತೊಡಗಿತು.

"ನೋಡ್ರೀ, ನಮ್ಮ ಪುಟ್ಟಿ ಬೆಳೀತಿದ್ದಾಳೆ" ಎಂದಳು ಹೆಂಡತಿ, ಒಂದು ಭಾನುವಾರ. ಮಗಳು ಹೋದ ಮೇಲೆ ಮೊದಲ ಸಲ ನಕ್ಕಳು.

ಆ ನಗುವನ್ನು ಅವನಿಗೆ ತಡೆಯಲಾಗಲಿಲ್ಲ. ಕುಸಿದು ಕೂತು ಎಲ್ಲವನ್ನೂ ಒದರಿಬಿಟ್ಟ. "ಇದರಲ್ಲಿ ಅವಳದ್ದು ಒಂದೂ ಇಲ್ಲ ಕಣೇ. ಎಲ್ಲಾ ಅಂಗಡೀದು. ಹೊಡಿ ನನ್ನ, ಬೈಯಿ."

ಅವಳು ಹೊಡೆಯಲೂ ಇಲ್ಲ, ಬೈಯಲೂ ಇಲ್ಲ. "ಹಾಗಾದ್ರೆ ಇಷ್ಟು ದಿನ ನಾನು ಯಾರನ್ನ ಮಾತಾಡಿಸ್ತಿದ್ದೆ?" ಎಂದಳು. ಎದ್ದು ಹೋಗಿ ತೊಟ್ಟಿಯ ನೀರು ತಿರುಗಿಸುವ ಪಂಪಿನ ಸ್ವಿಚ್ ಆರಿಸಿದಳು. ಅಂಗಡಿಗಾದರೂ ವಾಪಸ್ ಕೊಡೋಣ ಎಂದು ಹೇಳಲು ಯಾವ ಮುಖವಿತ್ತು? ಇಬ್ಬರೂ ಸೇರಿ ಬಕೆಟ್ಟಿನಲ್ಲಿ ನೀರು ತೋಡಿ ಬಚ್ಚಲಿಗೆ ಸುರಿದರು. ಬುಧವಾರದ ಹೊತ್ತಿಗೆ ಐದೂ ಹವಳಗಳು ಹಿತ್ತಲಿನ ಕಟ್ಟೆಯ ಮೇಲೆ ಒಣಗಿ ಕಲ್ಲಾಗಿದ್ದವು.

ಗುರುವಾರ ಅಂಗಡಿಯವನು ಬಾಗಿಲಿಗೆ ಬಂದ. ಕೈಯಲ್ಲಿ ಖಾಲಿ ಡಬ್ಬಿ, ಮುಖ ಬಾಡಿತ್ತು. ಹೆಂಡತಿಯೂ ಗಂಡನ ಹಿಂದೆ ಬಂದು ನಿಂತಳು.

"ಪಂಪು ಕೆಟ್ಟು ನನ್ನ ಹಿಂದಿನ ಕೋಣೆ ತೊಟ್ಟಿ ಪೂರ್ತಿ ಹೋಯ್ತು ಅಂಕಲ್. ನಿಮ್ಮದರಲ್ಲಿ ಒಂದೊಂದು ಚೂರು ಮುರಿದುಕೊಡಿ, ಮತ್ತೆ ಬೆಳೆಸ್ತೀನಿ. ಮಗಳು ಹೇಳಿರ್ತಾಳಲ್ಲ ನಿಮಗೆ, ಹವಳ ಸಾಕೋರು ತಮ್ಮದರ ತುಂಡು ಮುರಿದು ಇನ್ನೊಬ್ಬರ ಹತ್ರ ಇಟ್ಟಿರ್ತೀವಿ, ಒಂದು ಕಡೆ ಸತ್ರೂ ಇನ್ನೊಂದು ಕಡೆ ಅದೇ ಜೀವ ಉಳೀಲಿ ಅಂತ. ನಿಮಗೆ ಕೊಟ್ಟ ಐದೂ ನಿಮ್ಮ ಮಗಳು ನನ್ನ ಹತ್ರ ಇಟ್ಟಿದ್ದ ಅವಳದ್ದೇ ಹವಳ."