ಮಟ್ಟದ ಪೈಪು

"ಪಂಪ್ ಬಿಚ್ಚಬ್ಯಾಡ್ರಿ," ಎಂದು ಸತ್ಯಮ್ಮ ತಡೆದಾಗ ಹುಮನಾಬಾದಿನ ಮೆಕ್ಯಾನಿಕ್ ಧನರಾಜನ ಪಾನಾ ನಟ್ಟಿನ ಮೇಲೇ ನಿಂತಿತು. ಚಳಿ ಬಿದ್ದಾಗಿನಿಂದ ಹಳೆಯ ಟ್ರ್ಯಾಕ್ಟರು ಮುಂಜಾನೆ ಚಾಲೂ ಆಗುತ್ತಲೇ ಇರಲಿಲ್ಲ. ಅದರ ಡೀಸೆಲ್ ಪಂಪು ರಿಪೇರಿಗೆ ಹೋದರೆ ಎಂಟು ದಿನ. ಕಡಿದಿಟ್ಟ ಕಬ್ಬು ಹೊಲದಲ್ಲೇ ಒಣಗುತ್ತಿತ್ತು. ಸತ್ಯಮ್ಮನ ಕೈಯಲ್ಲಿ, ಗೋಡೆ ಕಟ್ಟುವ ಗೌಂಡಿಗಳು ನೀರು ತುಂಬಿ ಮಟ್ಟ ನೋಡುವ ಗಾಜಿನಂಥ ಪೈಪಿನ ತುಂಡು ಕಂಡು ಅವಳ ಮಾವ ಮಾಣಿಕಪ್ಪ ಮುಜುಗರದಿಂದ ಮುಖ ತಿರುಗಿಸಿದ. ಸೊಸೆ ಗೌಂಡಿಯ ಮಗಳೆಂದು ಅವನು ತನ್ನೂರು ಮೋರಖಂಡಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಟ್ಯಾಂಕಿಯಿಂದ ಪಂಪಿಗೆ ಬರುವ ಕಪ್ಪು ರಬ್ಬರ್ ಪೈಪು ಕಳಚಿ, ಅವಳು ಅದರ ಜಾಗಕ್ಕೆ ಗಾಜಿನಂಥ ಪೈಪನ್ನು ಸಿಕ್ಕಿಸಿದಳು. "ಈಗ ಸೆಲ್ಫ್ ಹೊಡೀರಿ." ಡೀಸೆಲ್ ಜೊತೆಗೆ ಗುಳ್ಳೆಗಳು ಸಾಲುಗಟ್ಟಿ ಓಡಿದವು. "ನೋಡ್ರಿ, ಟ್ಯಾಂಕಿ ಕಡಿಂದ ಗಾಳಿ ಎಳ್ಕೊಳ್ಳಾಕತ್ತದ. ಪೈಪಿನಾಗ ಒಂದು ಗುಳ್ಳಿ ಉಳದ್ರ ನಮ್ಮಪ್ಪನ ಗ್ವಾಡಿನೇ ಸೊಟ್ಟ ಆಗ್ತಿತ್ತು."

ಧನರಾಜ ಟ್ಯಾಂಕಿಯ ಸಡಿಲ ನಟ್ಟು ಬಿಗಿದು, ಪೈಪಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟ. ಕೀಲಿ ತಿರುಗಿಸಿದ್ದೇ ತಡ, ಇಂಜಿನ್ನು ಗುಡುಗಿತು.

"ಇದನ್ನ ಎಲ್ಲಿ ಕಲತೆವ್ವಾ?" ಎಂದ ಧನರಾಜ.

ಸತ್ಯಮ್ಮ ಮಾವನ ಮುಖ ನೋಡಿದಳು. ಮಾಣಿಕಪ್ಪನೇ ಇಂಜಿನ್ನಿನ ಸದ್ದನ್ನೂ ಮೀರಿಸಿ, ಓಣಿಗೆಲ್ಲ ಕೇಳುವಂತೆ ಕೂಗಿದ: "ಗೌಂಡಿ ಮಗಳು ಇದ್ದಾಳ್ರಿ ನಮ್ಮ ಸೊಸಿ, ಗೌಂಡಿ ಮಗಳು!"