ತಾರಸಿಯಿಂದ ಕಂಡ ಊರು

ನಾಲ್ಕು ಗಂಟೆಗೆ ಮೂವತ್ತೆರಡು ಅಂತಸ್ತಿನ ಕಟ್ಟಡದ ಲಿಫ್ಟಿನ ಕೊನೆಯ ಪರೀಕ್ಷೆ ಮುಗಿಯಿತು. ನಾಲ್ಕೂಕಾಲಿಗೆ ಮೇಲಧಿಕಾರಿ ಲಿಫ್ಟ್ ಮೆಕ್ಯಾನಿಕ್‌ಗೆ, ಇನ್ನೆರಡು ವರ್ಷ ಈ ಪರದೇಶದಲ್ಲೇ ಉಳಿಯುವೆಯೋ ಇಲ್ಲವೋ ಐದರೊಳಗೆ ತಿಳಿಸೆಂದು ಸಂದೇಶ ಕಳುಹಿಸಿದ. ನಾಲ್ಕೂವರೆಗೆ ಊರಿನಿಂದ ಮಗಳ ವಿಡಿಯೋ ಕರೆ ಬಂತು.

“ಅಪ್ಪಾ, ಈ ವಾರ ಏನು ಹೊಸದು ನೋಡಿದೆ?”

ಒಂಬತ್ತು ವರ್ಷ, ನಾಲ್ಕು ದೇಶ. ಪ್ರಶ್ನೆ ಮಾತ್ರ ಬದಲಾಗಿರಲಿಲ್ಲ. ದೋಣಿಯಲ್ಲಿ ತೇಲಿದೆ, ಬೆಟ್ಟ ಹತ್ತಿದೆ ಎಂದು ಮೆಕ್ಯಾನಿಕ್ ಪ್ರತಿ ವಾರವೂ ಪ್ರವಾಸಿ ಕೈಪಿಡಿ ನೋಡಿಕೊಂಡು ಬುರುಡೆ ಬಿಡುತ್ತಿದ್ದ. ನಿಜಕ್ಕೂ ಅವನು ಕಂಡದ್ದು ಲಿಫ್ಟು ಓಡಾಡುವ ಕತ್ತಲೆಯ ಕೊಳವೆ, ಉಕ್ಕಿನ ಹಗ್ಗ, ಗ್ರೀಸು. ತಾನೇ ಕೂರಿಸಿದ ಲಿಫ್ಟಿನಲ್ಲಿ ಮೇಲೇರಿ ಒಮ್ಮೆಯೂ ಹೊರಗೆ ನೋಡಿದವನಲ್ಲ.

“ಬರೀ ಬಾಯಲ್ಲಿ ಹೇಳ್ಬೇಡ, ತೋರ್ಸು. ನಿನ್ನ ಮನೆ ಎಲ್ಲಿದೆ?”

ಅವನು ತಾರಸಿಯ ಬಾಗಿಲು ತೆರೆದು, ಫೋನನ್ನು ಹೊರಕ್ಕೆ ತಿರುಗಿಸಿ ಬೆರಳೆತ್ತಿದ. ಕೆಳಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಹ ಮನೆಗಳು, ಒಂದೇ ಬಣ್ಣದ ನೀರಿನ ತೊಟ್ಟಿಗಳು. ಬೆರಳು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಗಾಳಿಯಲ್ಲೇ ನಿಂತಿತು. ಇಲ್ಲಿದ್ದ ಎರಡು ವರ್ಷವೂ ಅವನು ಕಂಪನಿಯ ಬಸ್ಸಿನಲ್ಲಿ ತೂಕಡಿಸುತ್ತಲೇ ಹೋಗಿ ಬಂದಿದ್ದ.

“ಗೊತ್ತಾಗ್ತಿಲ್ಲ ಕಣಮ್ಮಾ.”

“ಮತ್ತೆ ಆ ಬೆಟ್ಟ?”

“ಹತ್ತಿಲ್ಲ.”

“ದೋಣಿ?”

“ಅದೂ ಇಲ್ಲ.”

“ನಂಗೊತ್ತಿತ್ತು ಬಿಡು. ದೋಣಿ ಕಂಡ್ರೇನೇ ಅಪ್ಪಂಗೆ ವಾಂತಿ ಬರುತ್ತೆ ಅಂತ ಅಮ್ಮ ಯಾವತ್ತೋ ಹೇಳಿದ್ಲು. ನಿಂಗೆ ಬೇಜಾರಾಗ್ಬಾರ್ದು ಅಂತ ಸುಮ್ನೆ ಕೇಳಿಸ್ಕೊಳ್ತಿದ್ದೆ.”

ಅವನು ನಕ್ಕ, ನಗು ಅರ್ಧಕ್ಕೇ ದಣಿಯಿತು. ಕರೆ ಮುಗಿಯುವ ಮೊದಲೇ, ಎತ್ತಿದ್ದ ಆ ಬೆರಳಿನಿಂದಲೇ ಮೇಲಧಿಕಾರಿಗೆ ಉತ್ತರ ಒತ್ತಿದ: ಬೇರೆಯವರನ್ನು ನೋಡಿಕೊಳ್ಳಿ.