ಕೃತಜ್ಞತೆ ಮುಗಿದ ಮೇಲೆ ಕೊಲೆ

"ನಲವತ್ತೊಂದು ಜನ ಪುಕ್ಕಟೆ ಮಾದರಿ ಓದಿದಾರೆ ರೀ. ಪುಸ್ತಕ ತಗೊಂಡೋರು ಒಬ್ಬರೂ ಇಲ್ಲ."

ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಹೆಂಡತಿ ಹೀಗೆಂದಾಗ ಬೀಗ ರಿಪೇರಿಯವನ ಕೈಯಲ್ಲಿ ಕೀಲಿ ಉಜ್ಜುತ್ತಿದ್ದ ಅರ ಅದರ ಹಲ್ಲಿನ ಮೇಲೆ ಹಾಗೇ ನಿಂತಿತು. ಮೂರು ವರ್ಷ ಅಂಗಡಿಯಲ್ಲಿ ಗಿರಾಕಿಯಿಲ್ಲದ ಹೊತ್ತು ನೋಡಿ ನೋಡಿ ಬರೆದ ಪತ್ತೇದಾರಿ ಕಾದಂಬರಿ ಅದು. ಊರಿನ ಬೀಗಗಳನ್ನೆಲ್ಲ ತೆರೆದವನಿಗೆ ಪ್ರಕಾಶಕರ ಬಾಗಿಲು ಮಾತ್ರ ತೆರೆಯದೆ ಹೋದಾಗ, ಗಂಡ ಹೆಂಡತಿ ತಾವೇ ಇ-ಪುಸ್ತಕ ಮಾಡಿ ಅಂತರ್ಜಾಲದ ಅಂಗಡಿಗೆ ಏರಿಸಿದ್ದರು. ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಅವಳದು ಅಕ್ಷರ, ಅಂಚು, ಅಧ್ಯಾಯಗಳ ಕೆಲಸ, ಕಥೆ ಇವನದು. ಅದರ ಮೊದಲ ಸಾಲೊಂದಕ್ಕೇ ವರ್ಷ ಹಿಡಿದಿತ್ತು: 'ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು, ಒಳಗೆ ಯಾರೂ ಇರಲಿಲ್ಲ.' ಈ ಸಾಲನ್ನು ಓದಿದವನು ಪುಸ್ತಕ ಕೆಳಗಿಟ್ಟರೆ ನನ್ನ ಹೆಸರು ಬದಲಾಯಿಸಿ ಎಂದು ಅವನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದ.

"ಮೊದಲ ಸಾಲು ಓದಿಯೂ ತಗೊಳ್ಳಲಿಲ್ವಾ?"

"ಅದನ್ನ ಓದಿದೋರು ಯಾರು? ಪುಕ್ಕಟೆ ತೋರಿಸೋದು ಪುಸ್ತಕದ ಹತ್ತರಲ್ಲಿ ಒಂದು ಪಾಲು. ಆ ಪಾಲೆಲ್ಲ ನಿಮ್ಮ ಕೃತಜ್ಞತೆಗಳೇ ತುಂಬ್ಕೊಂಡಿವೆ. ಬನ್ನಿ, ನೋಡಿ. ಮಾದರಿ ಮುಗಿಯೋದು ಇಲ್ಲಿ, 'ಟಿ.ವಿ. ಸದ್ದು ತಗ್ಗಿಸಿ ಸಹಕರಿಸಿದ ಪಕ್ಕದ ಮನೆಯವರಿಗೆ'. ಅಷ್ಟೇ. ಕೊಲೆ ಆಗೋದು ಇದಾದ ಮೇಲೆ."

ಅವನು ಎದ್ದು ಬಂದು ಬಗ್ಗಿ ನೋಡಿದ. ನಿಜ. ಎಲ್ಲರಿಗಿಂತ ಮೊದಲು, ತನ್ನ ಹಳೆಯ ಲ್ಯಾಪ್‌ಟಾಪು ಕೊಟ್ಟ ಭಾವಮೈದುನನಿಗೆ ಎರಡು ಪುಟ. ಆಮೇಲೆ ಬೆನ್ನುನೋವಿಗೆ ಮದ್ದು ಕೊಟ್ಟ ಡಾಕ್ಟರು, 'ನೀನು ಮುಗಿಸಿದ ಹಾಗೇ ಇದೆ' ಎಂದು ನಕ್ಕು ಛಲ ಹುಟ್ಟಿಸಿದ ದೊಡ್ಡಪ್ಪ, ಆ ದೊಡ್ಡಪ್ಪನ ಮಾತನ್ನು ತಂದು ಮುಟ್ಟಿಸಿದ ಚಿಕ್ಕಮ್ಮ... ಒಬ್ಬೊಬ್ಬರಿಗೂ ಒಂದೊಂದು ಪ್ಯಾರಾ. ನಲವತ್ತೊಂದು ಜನರೂ ನೆಂಟರು, ನೆರೆಯವರೇ; ತಂತಮ್ಮ ಹೆಸರು ಬರುವ ತನಕ ಓದಿ, 'ಪುಸ್ತಕ ಬಹಳ ಚೆನ್ನಾಗಿದೆ' ಎಂದು ಮೆಸೇಜು ಹಾಕಿ ಕೈತೊಳೆದುಕೊಂಡವರು.

"ಸ್ತುತಿ ಇಲ್ಲದೆ ಯಾವ ಕಥೆ ಶುರುವಾಗುತ್ತೆ ಹೇಳು," ಎಂದು ಅವನು ಗೊಣಗಿದ. "ದೊಡ್ಡೋರೆಲ್ಲ ಹಾಗೇ ಮಾಡಿದಾರೆ."

"ನಿಮ್ಮ ಸ್ತುತಿ ಮುಗಿಯೋ ಹೊತ್ತಿಗೆ ಕೇಳೋರು ಎದ್ದು ಹೋಗಿದಾರೆ. ಕಥೆ ಯಾರಿಗೆ ಹೇಳ್ತೀರಿ, ಕಂಬಕ್ಕಾ?"

"ಹಾಗಾದ್ರೆ ತೆಗಿ. ಮೊದಲು ನಿನ್ನ ತಮ್ಮನ್ನ ತೆಗಿ."

"ಅವನನ್ನಾ? ಆರತಿ ತಗೊಂಡ್ರೆ ಉಷ್ಣ, ತೀರ್ಥ ತಗೊಂಡ್ರೆ ಶೀತ ಅವನಿಗೆ. ಈ ಜನ್ಮದಲ್ಲಿ ನಮ್ಮ ಹೊಸ್ತಿಲು ತುಳಿಯಲ್ಲ. ನಿಮ್ಮ ದೊಡ್ಡಪ್ಪನ್ನ ತೆಗೀಲಾ?"

ಬೀಗದವನು ಮತ್ತೆ ಅರ ಹಿಡಿದ. ಕೊನೆಗೆ ಹಾವೂ ಸಾಯದ, ಕೋಲೂ ಮುರಿಯದ ದಾರಿ ಹೊಳೆದದ್ದು ಅವಳಿಗೇ. ಕೃತಜ್ಞತೆಗಳನ್ನೆಲ್ಲ ಇಡಿಯಾಗಿ ಕತ್ತರಿಸಿ, ಪುಸ್ತಕದ ಕೊನೆಯ ಅಧ್ಯಾಯದ ಬೆನ್ನಿಗೆ ಅಂಟಿಸಿ, ಮತ್ತೆ ಅಂಗಡಿಗೆ ಏರಿಸಿದಳು. ಈಗ ತೆರೆದರೆ ಪುಸ್ತಕದ ಹೆಸರು, ಅದರ ಕೆಳಗೆ ಸೀದಾ ಚಿಲಕ ಹಾಕಿದ ಬಾಗಿಲು.

ಮರುದಿನ ಬೆಳಿಗ್ಗೆ ಹತ್ತು ಹೊಡೆಯುವುದರೊಳಗೆ ಭಾವಮೈದುನನ ಫೋನು ಬಂತು. "ಏನು ಭಾವ, ನನ್ನ ಹೆಸರು ಕಿತ್ತು ಹಾಕಿಬಿಟ್ರಾ? ಆಫೀಸಿನೋರಿಗೆ ತೋರಿಸೋಣ ಅಂತ ತೆಗೆದ್ರೆ ನಾನೇ ಇಲ್ಲ! ನನ್ನ ಮರ್ಯಾದೆ ಏನಾಗ್ಬೇಕು?"

ಇವನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಫೋನು ಕಸಿದುಕೊಂಡಳು. "ಕಿತ್ತಿಲ್ಲ ಕಣೋ, ಕೊನೇಲಿ ಇದೀಯ. ಎಲ್ಲರಿಗಿಂತ ಮೊದಲು ನೀನೇ. ಪೂರ್ತಿ ಪುಸ್ತಕ ತಗೊಂಡೋರಿಗೆ ಮಾತ್ರ ಕಾಣ್ತೀಯ."

ಐದೇ ನಿಮಿಷದಲ್ಲಿ ಮಾರಾಟದ ಲೆಕ್ಕದಲ್ಲಿ ಸೊನ್ನೆಯಿದ್ದ ಕಡೆ ಒಂದು ಬಂತು. ಬೀಗದವನು ಅರವನ್ನು ಪಕ್ಕಕ್ಕಿಟ್ಟ. ಲೋಕದಲ್ಲಿ ಒಬ್ಬನಾದರೂ ಈಗ ಆ ಸಾಲು ಓದುತ್ತಿದ್ದಾನೆ ಎಂದು ಫೋನನ್ನೇ ನೋಡುತ್ತ ಕೂತ. ಮಧ್ಯಾಹ್ನವಾದರೂ ಭಾವಮೈದುನನ ಸದ್ದಿಲ್ಲ. ತಡೆಯಲಾರದೆ ತಾನೇ ಫೋನು ಹಚ್ಚಿದ.

"ಹೇಗಿದೆಯೋ?"

"ನನ್ನ ಹೆಸರು ಸಿಕ್ತು ಭಾವ. ಪುಸ್ತಕದ ತುದಿಗೆ ಹಾರಿ, ಅಲ್ಲಿಂದ ಹಿಂದಕ್ಕೆ ತಳ್ಳಿಕೊಂಡು ಬಂದೆ. ತಳ್ಳೋ ಭರದಲ್ಲಿ ಒಂದು ಪುಟ ಜಾಸ್ತಿ ದಾಟಿಬಿಟ್ಟೆ. ನೋಡಿದ್ರೆ, ಕೊಲೆ ಮಾಡಿದ್ದು ಯಾರೋ ಸಂಗೀತದ ಮೇಷ್ಟ್ರಂತೆ!"

ಬೀಗದವನು ಹಣೆ ಚಚ್ಚಿಕೊಂಡ. "ಹೋಯ್ತು. ಎಲ್ಲಾ ಗೊತ್ತಾಗಿಹೋಯ್ತಲ್ಲೋ. ಇನ್ನೇನು ಓದ್ತೀಯ?"

"ಯಾರು ಅಂತ ಗೊತ್ತಾಯ್ತು. ಯಾಕೆ ಅಂತ ಗೊತ್ತಾಗ್ಬೇಡ್ವಾ? ಅದಕ್ಕೇ ಅದರ ಹಿಂದಿನ ಅಧ್ಯಾಯಕ್ಕೆ ಹೋದೆ. ಅಲ್ಲಿ ಒಬ್ಬ ಹೆಂಗಸು ಒಂದೇ ಸಮನೆ ಅಳ್ತಾ ಇದಾಳೆ. ಯಾಕೆ ಅಳ್ತಾಳೆ ಅಂತ ಅದರ ಹಿಂದಿನದಕ್ಕೆ ಹೋದೆ. ಊಟಕ್ಕೂ ಎದ್ದಿಲ್ಲ ಭಾವ. ಹೀಗೇ ಹಿಂದೆ ಹಿಂದೆ ಹೋಗ್ತಾ ಇದೀನಿ, ಇನ್ನು ಮೂರು ಅಧ್ಯಾಯ ಇದೆ. ಫೋನ್ ಇಡಿ."

"ಒಂದು ನಿಮಿಷ ಇರೋ! ಆ ಮೊದಲನೇ ಸಾಲು ಒಂದನ್ನ ಕೇಳಿಬಿಡು. ಬಾಗಿಲಿಗೆ ಒಳಗಿನಿಂದ..."

"ಅಯ್ಯೋ, ಸುಮ್ನಿರಿ ಭಾವ! ಅದು ಕೊನೇಲಿ ಬರೋದು. ಈಗಲೇ ಹೇಳಿ ಮಜಾ ಕೆಡಿಸ್ಬೇಡಿ."